ಅಮ್ಮನಿಗೆ ಏನು ಹೇಳಬೇಕು? ಕಾಲೇಜಿಗೆ ಹೋಗದ ಹುಡುಗಿಯ ಒಂದು ಪ್ರಕರಣ

ಇದನ್ನು ಬರೆದ ಮೇಲೆ ಮೊದಲು ಓದಲು ಕೊಟ್ಟಿದ್ದು ಆ ಹುಡುಗಿಗೇ. ಈಗ ಅವಳಿಗೆ ಹದಿನೆಂಟು ತುಂಬಿದೆ. ಎರಡು ಸಾಲು ಹೊಡೆದು ಹಾಕಿದಳು. ಇನ್ನೊಂದು ಕಡೆ "ಇದು ಹೀಗಲ್ಲ ಮಿಸ್" ಎಂದು ಪಕ್ಕದಲ್ಲಿ ಬರೆದು ತಾನೇ ತಿದ್ದಿದಳು. ಗುರುತು ಹತ್ತಬಾರದೆಂದು ನಾನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವಳ ಹೆಸರು ಪುಟ್ಟಿ. ಅಜ್ಜಿ ಮನೆಯಲ್ಲಿ ಕರೆಯುವುದೂ ಹಾಗೆಯೇ. ಬೆಂಗಳೂರಿನ ಯಾವ ಬೀದಿಯಲ್ಲಿ ನಿಂತು "ಪುಟ್ಟೀ" ಎಂದು ಕೂಗಿದರೂ ಇಬ್ಬರು ಮೂವರು ತಿರುಗಿ ನೋಡುತ್ತಾರೆ, ಆದ್ದರಿಂದ ಅಪಾಯವಿಲ್ಲ.

ಬಂದ ದಿನ

ನವೆಂಬರ್ ತಿಂಗಳ ಒಂದು ಗುರುವಾರ ಮಧ್ಯಾಹ್ನ. ಟ್ರಸ್ಟೊಂದು ನಡೆಸುವ ಸಮಾಲೋಚನಾ ಕೇಂದ್ರದಲ್ಲಿ ನಾನು ವಾರಕ್ಕೆ ಎರಡು ದಿನ ಕೂರುತ್ತೇನೆ. ಪುಟ್ಟಿಯ ಜೊತೆ ಅಪ್ಪ, ಅಮ್ಮ, ಅಜ್ಜಿ ಮೂವರೂ ಬಂದಿದ್ದರು. ಕಾಮಾಕ್ಷಿಪಾಳ್ಯದಲ್ಲಿ ಬಾಡಿಗೆ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಮೇಲೆ ಶೀಟು. ಅಪ್ಪ ಆಟೋ ಓಡಿಸುತ್ತಾರೆ. ಅಮ್ಮ ಗಾರ್ಮೆಂಟ್ಸಿನಲ್ಲಿ ಟೈಲರ್. ಅಜ್ಜಿ ಅಪ್ಪನ ತಾಯಿ, ಮಾಗಡಿ ಕಡೆಯ ಹಳ್ಳಿಯವರು.

ಅಮ್ಮ ಕುಳಿತ ಕೂಡಲೇ ಬಟ್ಟೆ ಅಂಗಡಿಯ ಕವರಿನಿಂದ ಒಂದೊಂದೇ ರಿಪೋರ್ಟು ತೆಗೆದು ಮೇಜಿನ ಮೇಲೆ ಜೋಡಿಸಿದರು. ರಕ್ತ, ಮೂತ್ರ, ಹೊಟ್ಟೆಯ ಸ್ಕ್ಯಾನಿಂಗ್, ಎಂಡೋಸ್ಕೋಪಿ. ಎಲ್ಲದರಲ್ಲೂ ನಾರ್ಮಲ್. "ಎಲ್ಲಾ ಸರಿ ಇದೆ ಅಂತಾರೆ ಮೇಡಂ. ಸರಿ ಇದ್ರೆ ದಿನಾ ಬೆಳಿಗ್ಗೆ ಹೊಟ್ಟೆ ಹಿಡ್ಕೊಂಡು ಯಾಕೆ ಕೂರ್ತಾಳೆ?"

ಜೂನ್‌ನಲ್ಲಿ ಪ್ರಥಮ ಪಿಯುಸಿ ಸೇರಿದ್ದಳು. ಪಿಸಿಎಂಬಿ, ಜೊತೆಗೆ ಅದೇ ಕಾಲೇಜಿನಲ್ಲಿ ನೀಟ್ ಕೋಚಿಂಗ್. ಆಗಸ್ಟಿನಿಂದ ವಾರಕ್ಕೊಂದು ದಿನ ತಪ್ಪತೊಡಗಿತು. ದಸರಾ ರಜೆ ಮುಗಿದ ಮೇಲೆ ಹೋಗಿದ್ದು ಒಟ್ಟು ನಾಲ್ಕು ದಿನ. ಗ್ಯಾಸ್ಟ್ರಿಕ್ ಮಾತ್ರೆ ಮೂರು ತಿಂಗಳು ನುಂಗಿ ಆಗಿತ್ತು.

ಅಪ್ಪ ಆಡಿದ್ದು ಒಂದೇ ಮಾತು: "ಮೊಬೈಲ್ ಕಿತ್ಕೊಂಡ್ರೆ ಸರಿ ಹೋಗ್ತಾಳೆ." ಕಿತ್ತುಕೊಂಡು ಆಗಲೇ ಐದು ವಾರವಾಗಿತ್ತು.

ಅಜ್ಜಿಯದು ಬೇರೆ ಲೆಕ್ಕ. "ಕಣ್ಣು ಬಿದ್ದೈತೆ ಕಣವ್ವ. ಆ ಪಟ ಹಾಕ್ಬ್ಯಾಡಿ ಅಂದೆ, ಯಾರೂ ಕೇಳ್ಲಿಲ್ಲ." ಪಟ ಎಂದರೆ ಫ್ಲೆಕ್ಸು. ಕನ್ನಡ ಮಾಧ್ಯಮದ ಅನುದಾನಿತ ಶಾಲೆಯಲ್ಲಿ ಓದಿ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 598 ತೆಗೆದಿದ್ದಳು. ಬೀದಿಯ ಯುವಕ ಸಂಘದವರು ತಿರುವಿನಲ್ಲಿ ಅವಳ ಫೋಟೋ ಹಾಕಿಸಿ, ಕೆಳಗೆ ತಮ್ಮ ಹದಿನಾಲ್ಕು ಮುಖಗಳನ್ನೂ ಸೇರಿಸಿ, "ಭಾವಿ ವೈದ್ಯೆಗೆ ಅಭಿನಂದನೆಗಳು" ಎಂದು ಬರೆಸಿದ್ದರು. ಅಂದಿನಿಂದ ಹಾಲಿನ ಅಂಗಡಿಯಲ್ಲೂ ಅವಳು "ಏನಮ್ಮಾ ಡಾಕ್ಟ್ರೇ". ಅಜ್ಜಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದ್ದರು. ಆ ದಿನ ಬಂದ ಮೂರು ಅಭಿಪ್ರಾಯಗಳಲ್ಲಿ ನಿಜಕ್ಕೆ ಹತ್ತಿರವಿದ್ದದ್ದು ಅಜ್ಜಿಯದೇ ಎಂದು ಈಗ ನನಗನಿಸುತ್ತದೆ. ಬೀದಿಗೆ ಬೀದಿಯೇ ಆ ಹುಡುಗಿಯನ್ನು ನೋಡುತ್ತಿತ್ತು. ಅದು ಅವಳಿಗೆ ಗೊತ್ತಿತ್ತು.

ಇಲ್ಲಿಯವರೆಗೆ ಬಂದದ್ದು ಅಮ್ಮನಿಂದ. ಫ್ಯಾಕ್ಟರಿಯ ಗೋಡೆಯಲ್ಲಿ ಅಂಟಿಸಿದ್ದ 14416 ನಂಬರನ್ನು ಕೈ ಮೇಲೆ ಬರೆದುಕೊಂಡು ಬಂದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಮೆಟ್ಟಿಲ ಮೇಲೆ ಕೂತು ಕರೆ ಮಾಡಿದ್ದರು. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯದ ಸಹಾಯವಾಣಿ. ಕಾಸು ಬೇಡ, ದಿನದ ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರದಲ್ಲೇ ಯಾರನ್ನಾದರೂ ಮುಖತಃ ನೋಡಿ ಎಂದು ಅವರು ಹೇಳಿದ್ದರಂತೆ.

"ನೀವು ಡಾಕ್ಟ್ರಾ ಮೇಡಂ?" ಎಂದು ಅಮ್ಮ ಕೇಳಿದರು. ಅಲ್ಲ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಮಾತಿನ ಚಿಕಿತ್ಸೆ ಕೊಡುವವಳು, ಮಾತ್ರೆ ಬರೆಯುವುದು ಮನೋವೈದ್ಯರು. ಬೆಂಗಳೂರಿನಲ್ಲಿ ಈಗ ಬೋರ್ಡು ಹಾಕಿಕೊಂಡವರೆಲ್ಲ ಕೌನ್ಸೆಲರ್‌ಗಳೇ. ಆದ್ದರಿಂದ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ನೋಂದಣಿ ಸಂಖ್ಯೆಯನ್ನು ಸಂಕೋಚವಿಲ್ಲದೆ ಕೇಳಿ ಎಂದು ಬಂದವರಿಗೆಲ್ಲ ಹೇಳುತ್ತೇನೆ.

ಮೂರು ವಿಷಯ

ಹದಿಹರೆಯದವರ ಜೊತೆ ಕೂತಾಗ ಮೊದಲು ಬರುವ ತೊಡಕು ಕಾಯಿಲೆಯದಲ್ಲ, ನಾನು ಯಾರ ಕಡೆಯವಳು ಎನ್ನುವುದು. ಕರೆತರುವವರು ತಂದೆತಾಯಿ, ಫೀಸು ಕೊಡುವವರೂ ಅವರೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರ ಪರವಾಗಿ ತೀರ್ಮಾನ ತೆಗೆದುಕೊಳ್ಳುವವರು ಪೋಷಕರು. ಮಾತಾಡಬೇಕಾದವಳು ಮಾತ್ರ ಮಗಳು. ಅಮ್ಮನಿಗೆ ಎಲ್ಲ ಗೊತ್ತಾಗುತ್ತದೆ ಅನಿಸಿದರೆ ಅವಳು ಬಾಯಿ ಬಿಡುವುದಿಲ್ಲ. ಏನೂ ಗೊತ್ತಾಗುವುದಿಲ್ಲ ಅನಿಸಿದರೆ ಅಮ್ಮ ಮುಂದಿನ ವಾರ ಕಳಿಸುವುದಿಲ್ಲ.

ಹಾಗಾಗಿ ಮೊದಲ ದಿನವೇ ಎಲ್ಲರನ್ನೂ ಕೂರಿಸಿಕೊಂಡು ಹೇಳುವುದು ನನ್ನ ರೂಢಿ. ಪುಟ್ಟಿ ಹೇಳಿದ್ದು ಪುಟ್ಟಿಯದು. ಮೂರು ವಿಷಯ ಮಾತ್ರ ನಾನು ಗುಟ್ಟಾಗಿ ಇಟ್ಟುಕೊಳ್ಳುವುದಿಲ್ಲ: ಅವಳ ಜೀವಕ್ಕೆ ಅಪಾಯವಿದ್ದರೆ, ಅವಳಿಂದ ಇನ್ನೊಬ್ಬರಿಗೆ ಅಪಾಯವಿದ್ದರೆ, ಅವಳ ಮೇಲೆ ಯಾರಾದರೂ ಲೈಂಗಿಕ ದೌರ್ಜನ್ಯ ಮಾಡಿದ್ದರೆ. ಕೊನೆಯದರಲ್ಲಿ ನನಗೆ ಆಯ್ಕೆಯೇ ಇಲ್ಲ. 2012ರ ಪೋಕ್ಸೋ ಕಾಯ್ದೆಯಡಿ ವರದಿ ಮಾಡಲೇಬೇಕು. ಅಪ್ಪ ತಲೆಯಾಡಿಸಿದರು. ಅಮ್ಮ "ಹ್ಞೂಂ" ಎಂದರು, ಆದರೆ ಕಣ್ಣು ಒಪ್ಪಿರಲಿಲ್ಲ. ಪುಟ್ಟಿ ನೆಲ ನೋಡುತ್ತಿದ್ದಳು.

ಎರಡನೇ ವಾರವೇ ಮೂರರಲ್ಲಿ ಮೊದಲನೆಯದು ಬಂತು. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಕನ್ನಡದಲ್ಲೇ ಓದಿ ಕೇಳಿದೆ. 27ಕ್ಕೆ 16 ಬಂತು. ಅದು ಕಡೆಗಣಿಸುವ ಅಂಕ ಅಲ್ಲ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ಸಾಯ್ಬೇಕು ಅಂತಲ್ಲ ಮಿಸ್. ಬೆಳಿಗ್ಗೆ ಎಚ್ಚರ ಆಗ್ದೇ ಇದ್ರೆ ಚೆನ್ನಾಗಿರುತ್ತೆ ಅಂತ."

ಮಕ್ಕಳ ಬಾಯಲ್ಲಿ ಈ ಮಾತು ಬಂದರೆ ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಕೇಳಿದೆ. ಹೇಗೆ, ಯಾವಾಗ ಎಂಬ ಯಾವ ಯೋಚನೆಯೂ ಇರಲಿಲ್ಲ, ಹಿಂದೆ ಏನೂ ಮಾಡಿಕೊಂಡಿರಲಿಲ್ಲ. ಆದರೂ ಇದು ನಾನು ಇಟ್ಟುಕೊಳ್ಳುವ ವಿಷಯವಲ್ಲ ಎಂದೆ. "ಹೇಳೋದು ಖಂಡಿತ. ಯಾರಿಗೆ, ಹೇಗೆ ಅನ್ನೋದನ್ನ ನೀನು ಹೇಳು." ಅವಳು ಅಪ್ಪ ಬೇಡ ಎಂದಳು. ಮೊದಲು ಅಮ್ಮ, ಆಮೇಲೆ ಅಮ್ಮನೇ ಅಪ್ಪನಿಗೆ ಹೇಳಲಿ. ಬಾಯಲ್ಲಿ ಹೇಳಲಾರೆ, ಬರೆದುಕೊಡುತ್ತೇನೆ. ನೋಟ್‌ಬುಕ್ಕಿನ ಹಾಳೆಯಲ್ಲಿ ನಾಲ್ಕು ಸಾಲು ಬರೆದಳು. ಅಮ್ಮ ಒಳಗೆ ಬಂದು ನಿಂತಲ್ಲೇ ಓದಿದರು. ಓದಿ ಹಾಳೆಯನ್ನು ನಾಲ್ಕಾಗಿ ಮಡಚಿ ಪರ್ಸಿನಲ್ಲಿಟ್ಟು, ಮಗಳ ಪಕ್ಕ ಕೂತು ಅವಳ ಜಡೆಯ ತುದಿಯನ್ನು ಹಿಡಿದುಕೊಂಡರು. ಇಬ್ಬರೂ ಮಾತಾಡಲಿಲ್ಲ. ನಾನೂ.

ಮೆಂಟಲ್ ಆಸ್ಪತ್ರೆ

ಮನೋವೈದ್ಯರಿಗೆ ತೋರಿಸಲೇಬೇಕಿತ್ತು. ನಿಮ್ಹಾನ್ಸಿನ ಮಕ್ಕಳ ಮತ್ತು ಹದಿಹರೆಯದವರ ವಿಭಾಗಕ್ಕೆ ಚೀಟಿ ಬರೆದುಕೊಟ್ಟೆ. ಮನೆಯಲ್ಲಿ ಗದ್ದಲವೇ ಆಯಿತಂತೆ. "ಮೆಂಟ್ಲಾಸ್ಪತ್ರೆಗೆ ಹೆಣ್ಮಗೀನ ಕರ್ಕೊಂಡೋದ್ರೆ ನಾಳೆ ಯಾರು ಮದ್ವೆ ಆಯ್ತಾರೆ?" ಎಂದು ಅಜ್ಜಿ ಊಟ ಬಿಟ್ಟರು. ಆ ಹೆಸರಿಗೆ ಒಂದು ಕಥೆಯಿದೆ. ಹಿಂದೆ ಅದು ಹುಚ್ಚರ ಆಸ್ಪತ್ರೆಯೇ ಆಗಿತ್ತು. 1925ರಲ್ಲಿ ಮೈಸೂರು ಸರ್ಕಾರ ಆ ಹೆಸರು ಕಿತ್ತು ಮೆಂಟಲ್ ಹಾಸ್ಪಿಟಲ್ ಎಂದು ಮರ್ಯಾದೆಯ ಹೆಸರಿಟ್ಟಿತು. ಆ ಮರ್ಯಾದೆಯ ಹೆಸರೇ ಬೈಗುಳವಾಯಿತು. 1974ರಲ್ಲಿ ನಿಮ್ಹಾನ್ಸ್ ಆಗಿ ಅರ್ಧ ಶತಮಾನ ಕಳೆದರೂ ಹಳಬರ ನಾಲಗೆಯಿಂದ ಹಳೆಯದು ಇಳಿದಿಲ್ಲ.

ಕೊನೆಗೆ ಕರೆದುಕೊಂಡು ಹೋಗಿದ್ದು ಅಪ್ಪ. ಹೊಸೂರು ರಸ್ತೆಯ ಆ ಗೇಟಿಗೆ ಇಪ್ಪತ್ತು ವರ್ಷದಿಂದ ಬಾಡಿಗೆ ಹೊಡೆದಿದ್ದರು, ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ವಾಪಸ್ಸು ಬಂದು ನನಗೆ ಹೇಳಿದ್ದು: "ಕ್ಯೂನಲ್ಲಿ ನಮ್ಮಂಗೇ ಜನ ಮೇಡಂ. ಸ್ಕೂಲ್ ಬ್ಯಾಗ್ ಹಾಕ್ಕೊಂಡಿರೋ ಮಕ್ಕಳು." ನಮ್ಮ ಮನೆಗೇ ಯಾಕೆ ಬಂತು ಎಂದೂ ಕೇಳಿದರು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನವರಲ್ಲಿ ಶೇ 7.3 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಅಂದರೆ ಅರವತ್ತು ಮಕ್ಕಳ ತರಗತಿಯಲ್ಲಿ ನಾಲ್ವರು. ಅಪ್ಪ ಬೆರಳಲ್ಲಿ ಎಣಿಸಿ, "ಇನ್ನು ಮೂರು ಜನ ಯಾರೋ ಪಾಪ" ಎಂದರು.

ಖಿನ್ನತೆ, ಜೊತೆಗೆ ಆತಂಕ ಎಂದು ಡಾಕ್ಟರ್ ಹೇಳಿದರು. ಫ್ಲುಆಕ್ಸೆಟೀನ್ ಎಂಬ ಮಾತ್ರೆಯನ್ನು 10 ಮಿಲಿಗ್ರಾಂನಿಂದ ಶುರು ಮಾಡಿದರು. ಮಾತಾಡಿ ಸರಿ ಮಾಡಬಹುದಲ್ಲ, ಮಾತ್ರೆ ಯಾಕೆ ಎನ್ನುವುದು ಅಮ್ಮನ ಪ್ರಶ್ನೆ. ಇದಕ್ಕೆ ನಾನು ಪ್ರತಿ ಸಲ ಹೇಳುವುದು ಅಮೆರಿಕದ ಒಂದು ದೊಡ್ಡ ಅಧ್ಯಯನವನ್ನು. 2004ರಲ್ಲಿ ಪ್ರಕಟವಾದದ್ದು, ಖಿನ್ನತೆ ಇದ್ದ 12ರಿಂದ 17 ವರ್ಷದ 439 ಮಕ್ಕಳ ಮೇಲೆ ನಡೆದದ್ದು. ಹನ್ನೆರಡು ವಾರದ ಕೊನೆಯಲ್ಲಿ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡೂ ಪಡೆದವರಲ್ಲಿ ಶೇ 71, ಮಾತ್ರೆ ಮಾತ್ರ ಪಡೆದವರಲ್ಲಿ ಶೇ 61, ಮಾತು ಮಾತ್ರ ಪಡೆದವರಲ್ಲಿ ಶೇ 43, ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ನುಂಗಿದವರಲ್ಲಿ ಶೇ 35 ಮಂದಿ ಸುಧಾರಿಸಿದ್ದರು. ಕೊನೆಯ ಅಂಕಿಯೂ ನನಗೆ ಮುಖ್ಯ. ಯಾರೋ ವಾರವಾರ ವಿಚಾರಿಸುತ್ತಾರೆ ಎನ್ನುವುದೇ ಎಷ್ಟೋ ಮಕ್ಕಳಿಗೆ ಅರ್ಧ ಔಷಧಿ. ಈ ಬಗೆಯ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಕೆಲವು ಮಕ್ಕಳಿಗೆ ಸಾವಿನ ಯೋಚನೆ ಹೆಚ್ಚಬಹುದು, ಆದ್ದರಿಂದ ಕಣ್ಣಿಟ್ಟಿರಬೇಕು ಎನ್ನುವುದನ್ನೂ ಮುಚ್ಚಿಡದೆ ಹೇಳಿದೆ.

ಮಾತ್ರೆ ಯಾರ ಕೈಯಲ್ಲಿರಬೇಕು? ಅವಳ ಕೈಯಲ್ಲಂತೂ ಬೇಡ. ಅಪ್ಪ ಅಮ್ಮ ಬೆಳಿಗ್ಗೆ ಹೊರಟರೆ ರಾತ್ರಿ. ಉಳಿದವರು ಅಜ್ಜಿ, ಊಟ ಬಿಟ್ಟಿದ್ದ ಅದೇ ಅಜ್ಜಿ. ಅವರಿಗೆ ಓದಲು ಬಾರದು. ಆದರೆ ಹತ್ತು ಮಾತ್ರೆಯ ಶೀಟಿನಲ್ಲಿ ದಿನಕ್ಕೊಂದು ಗುಳಿ ಖಾಲಿಯಾಗಬೇಕು ಎನ್ನುವ ಲೆಕ್ಕಕ್ಕೆ ಓದು ಬೇಕಿಲ್ಲ. ಶೀಟನ್ನು ಎಲೆ ಅಡಿಕೆ ಚೀಲದಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡರು. ತಿಂಡಿ ಆದ ಮೇಲೆ ಒಂದು ಗುಳಿ ಒತ್ತಿ ಮೊಮ್ಮಗಳ ಅಂಗೈಗೆ ಹಾಕಿ, ನೀರು ಕುಡಿಯುವವರೆಗೆ ನಿಂತಿರುತ್ತಿದ್ದರು. ಮೊದಲ ವಾರ ವಾಕರಿಕೆ ಶುರುವಾಯಿತು. ಈ ಮಾತ್ರೆಗೆ ಅದು ಸಾಮಾನ್ಯ, ಆದರೆ ಮೊದಲೇ ಹೊಟ್ಟೆನೋವಿನ ಹುಡುಗಿ. ಅಮ್ಮ ನಿಲ್ಲಿಸಿಬಿಡೋಣ ಎಂದರು. "ಡಾಕ್ಟ್ರು ಎರಡು ವಾರ ತಡೀರಿ ಅಂದವ್ರೆ" ಎಂದು ತಡೆದವರು ಅಜ್ಜಿ.

ವೇಗೋತ್ಕರ್ಷ

ಹೊಟ್ಟೆನೋವು ನಾಟಕವಲ್ಲ ಎನ್ನುವುದನ್ನು ಮನೆಯವರಿಗೆ ಒಪ್ಪಿಸಲು ಎರಡು ಸಲ ಕೂರಬೇಕಾಯಿತು. ಭಯವಾದಾಗ ಕರುಳು ಹಿಂಡುವುದು ನಿಜ, ಸ್ಕ್ಯಾನಿಂಗಿನಲ್ಲಿ ಅದು ಕಾಣುವುದಿಲ್ಲ ಅಷ್ಟೆ. ಬೆಳಿಗ್ಗೆ ನೋವು ಬರುತ್ತದೆ, "ಆಯ್ತು, ಇವತ್ತೊಂದಿನ ಇರು" ಎನ್ನುತ್ತಾರೆ, ಹತ್ತು ಗಂಟೆಗೆ ನೋವು ಮಾಯ. ಅದನ್ನು ನೋಡಿ ಅಪ್ಪನಿಗೆ ಸಿಟ್ಟು. ಆದರೆ ಆ ನೆಮ್ಮದಿಯೇ ಮರುದಿನದ ನೋವಿಗೆ ಗೊಬ್ಬರ. ಮನೆಯಲ್ಲುಳಿದ ಒಂದೊಂದು ದಿನವೂ ಕಾಲೇಜನ್ನು ಇನ್ನಷ್ಟು ದೂರ ಮಾಡುತ್ತದೆ.

ಭಯ ಯಾವುದರದು ಎಂದು ಗೊತ್ತಾದದ್ದು ನಾಲ್ಕನೇ ವಾರ, ಅವಳ ಭೌತಶಾಸ್ತ್ರದ ನೋಟ್‌ಬುಕ್ಕಿನಿಂದ. ಮೊದಲ ಹತ್ತು ಪುಟ ಮುತ್ತಿನಂತಹ ಇಂಗ್ಲಿಷ್ ಅಕ್ಷರ, ಬೋರ್ಡು ನೋಡಿ ಬರೆದದ್ದು. ಆಮೇಲೆ ಲೆಕ್ಚರರ್ ಬೋರ್ಡಿನಲ್ಲಿ ಬರೆಯುವುದು ಬಿಟ್ಟು ಬಾಯಲ್ಲಿ ಹೇಳತೊಡಗಿದ್ದರು. ಅಲ್ಲಿಂದ ಕಿವಿಗೆ ಬಿದ್ದದ್ದನ್ನೆಲ್ಲ ಕನ್ನಡ ಅಕ್ಷರದಲ್ಲಿ ಹಿಡಿದಿದ್ದಳು. "ಆಕ್ಸಿಲರೇಶನ್ ಈಸ್ ರೇಟಾಫ್ ಚೇಂಜಾಫ್ ವೆಲಾಸಿಟಿ." ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಮುಂದಿನ ಪುಟಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಹೆಚ್ಚು.

"ವೇಗೋತ್ಕರ್ಷ ಅಂದಿದ್ರೆ ನನಗೆ ಗೊತ್ತಿತ್ತು ಮಿಸ್. ಹತ್ತನೇ ಕ್ಲಾಸಲ್ಲಿ ಬೇರೆಯವರಿಗೆ ನಾನೇ ಹೇಳಿಕೊಡ್ತಿದ್ದೆ. ಇದೂ ಅದೇ ಅಂತ ಗೊತ್ತಾಗೋಷ್ಟರಲ್ಲಿ ಟೆಸ್ಟ್ ಮುಗಿದಿತ್ತು."

ಕನ್ನಡ ಮಾಧ್ಯಮದಲ್ಲಿ ಓದಿ ಪಿಯು ವಿಜ್ಞಾನಕ್ಕೆ ಬರುವ ಮಕ್ಕಳ ಈ ಪಾಡು ಹೊಸದೇನಲ್ಲ. ನನ್ನ ಮುಂದೆ ಕೂತ ಎಷ್ಟನೆಯವಳು ಅವಳು ಎಂದು ಲೆಕ್ಕವಿಟ್ಟಿಲ್ಲ. ಅಭಿಸರಣೆ, ಸಂವೇಗ, ದ್ಯುತಿಸಂಶ್ಲೇಷಣೆ ಎಂಬ ಗಟ್ಟಿ ಶಬ್ದಗಳನ್ನು ಹತ್ತು ವರ್ಷ ಕಲಿಸಿ, ಒಂದು ಬೇಸಿಗೆ ರಜೆ ಕಳೆಯುವಷ್ಟರಲ್ಲಿ ಅವೆಲ್ಲ ನಡೆಯದ ನೋಟುಗಳಾಗುತ್ತವೆ. ಆ ಕಾಲೇಜಿನಲ್ಲಿ ವಾರವಾರ ಟೆಸ್ಟು, ಸೋಮವಾರ ರ‍್ಯಾಂಕ್ ಪಟ್ಟಿ ಗೋಡೆಗೆ, ರ‍್ಯಾಂಕ್ ಪ್ರಕಾರ ಸೆಕ್ಷನ್ ಬದಲು. ಫ್ಲೆಕ್ಸಿನ ಹುಡುಗಿ ಆಗಸ್ಟಿನಲ್ಲಿ ಕೊನೆಯ ಸೆಕ್ಷನ್‌ಗೆ ಬಂದಿದ್ದಳು. ಸಹಿ ಹಾಕಿಸಿ ತರಬೇಕಿದ್ದ ಏಳು ಟೆಸ್ಟ್ ಪೇಪರುಗಳಿಗೆ ಅಪ್ಪನ ಸಹಿ ತಾನೇ ಹಾಕಿದ್ದಳು. ಇದನ್ನು ಹೇಳಿ, "ಇದು ಆ ಮೂರರಲ್ಲಿ ಬರಲ್ಲ ಅಲ್ವಾ ಮಿಸ್?" ಎಂದು ಕೇಳಿದಳು. ಬರಲ್ಲ ಎಂದೆ.

ನಾನು ಮಾಡಿದ್ದು

ಎರಡು ದಿನ ಬಿಟ್ಟು ಸಂಜೆ ಐದೂ ಮುಕ್ಕಾಲಿಗೆ ಅಮ್ಮನ ಫೋನು. ಗಾರ್ಮೆಂಟ್ಸಿನಲ್ಲಿ ಕೆಲಸದ ಹೊತ್ತು ಫೋನು ಇಟ್ಟುಕೊಳ್ಳುವಂತಿಲ್ಲ. ಬಿಟ್ಟ ಕೂಡಲೇ, ಗೇಟಿನಿಂದ ಬಸ್‌ಸ್ಟಾಪಿಗೆ ನಡೆಯುತ್ತಾ ಮಾಡಿದ್ದರು. ಹಿಂದೆ ಹಾರನ್ನು, ಹೆಂಗಸರ ಮಾತು. "ಒಂದೇ ಒಂದು ಹೇಳಿ ಮೇಡಂ, ಯಾರಾದ್ರೂ ಹುಡುಗ ಏನಾದ್ರೂ...?" ದಿನವಿಡೀ ಹೊಲಿಗೆ ಮಿಷನ್ ಮುಂದೆ ಆ ಒಂದು ಪ್ರಶ್ನೆಯನ್ನೇ ತುಳಿದಿದ್ದಾರೆ ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು. ನನಗೆ ಪಾಪ ಅನಿಸಿತು. "ಅಯ್ಯೋ, ಹುಡುಗ ಗಿಡುಗ ಏನಿಲ್ಲ ಅಮ್ಮ. ಓದಿನ ಒತ್ತಡ, ಟೆಸ್ಟ್ ಮಾರ್ಕ್ಸು, ಇಂಥದ್ದೇ" ಎಂದೆ. ಸಮಾಧಾನಕ್ಕೆಂದು ಹೇಳಿದ್ದು. ಆ ಕ್ಷಣಕ್ಕೆ ಅದು ಗುಟ್ಟು ಒಡೆದಂತೆ ನನಗೆ ಅನಿಸಲೇ ಇಲ್ಲ.

ಅಂದು ರಾತ್ರಿ ಬ್ಯಾಗು ತಪಾಸಣೆಯಾಯಿತು. ಏಳು ಪೇಪರೂ ಸಿಕ್ಕಿದವು. ಅಪ್ಪ ಹೊಡೆಯಲಿಲ್ಲ, ಬೈಯಲಿಲ್ಲ. ತಮ್ಮ ಸಹಿಯನ್ನೇ ಬಹಳ ಹೊತ್ತು ನೋಡಿ ಹೊರಗೆ ಹೋಗಿ ಆಟೋದಲ್ಲೇ ಮಲಗಿದರಂತೆ. ಮುಂದಿನ ವಾರ ಪುಟ್ಟಿ ಬರಲಿಲ್ಲ. ಅದರ ಮುಂದಿನ ವಾರ ಬಂದು, ಕುರ್ಚಿಯ ತುದಿಯಲ್ಲಿ ಕೂತು, "ನೀವೂ ಅಮ್ಮನ ಕಡೆನೇ" ಎಂದಳು. ಮತ್ತೆ ನಲವತ್ತು ನಿಮಿಷ ಒಂದು ಮಾತಿಲ್ಲ.

ಈ ಪ್ರಕರಣ ಬರೆಯಬೇಕೆನಿಸಿದ್ದೇ ಇದಕ್ಕಾಗಿ. ಬೆಳಿಗ್ಗೆ ಎಚ್ಚರವಾಗಬಾರದು ಎಂಬ ಮಾತನ್ನು ಅಮ್ಮನಿಗೆ ಮುಟ್ಟಿಸಿದಾಗ ಅವಳ ನಂಬಿಕೆಗೆ ಏನೂ ಆಗಲಿಲ್ಲ. ಏಕೆಂದರೆ ಅವಳಿಗೆ ಮೊದಲೇ ಗೊತ್ತಿತ್ತು, ಅವಳನ್ನು ಕೇಳಿದ್ದೆ, ಅವಳ ಅಕ್ಷರದಲ್ಲೇ ಹೋಗಿತ್ತು. ಮಾರ್ಕ್ಸು ಎನ್ನುವ ಒಂದು ಪದ ಅವಳ ಬೆನ್ನ ಹಿಂದೆ ಹೋಯಿತು, ಅಷ್ಟಕ್ಕೇ ಎಲ್ಲ ಮುರಿಯಿತು. ವಿಷಯ ಎಷ್ಟು ದೊಡ್ಡದು ಎಂದು ನಾನು ಅಳೆಯುತ್ತಿದ್ದೆ. ಅವಳು ಅಳೆದದ್ದು ಯಾರನ್ನು ಕೇಳಿ ಹೇಳಿದಿರಿ ಎಂದು.

ಅಮ್ಮನನ್ನೂ ಒಳಗೆ ಕರೆದು, ಇಬ್ಬರ ಮುಂದೆ ಕ್ಷಮೆ ಕೇಳಿದೆ. "ನೀನು ಹೇಳಿದ್ದನ್ನ ನಿನ್ನ ಕೇಳದೆ ಅಮ್ಮನಿಗೆ ಹೇಳಿದೆ. ತಪ್ಪು ನಂದು, ಅಮ್ಮಂದಲ್ಲ." ಅಮ್ಮನಿಗೆ ಮುಜುಗರವಾಗಿ "ಬಿಡಿ ಮೇಡಂ, ಮಕ್ಕಳ ಹತ್ರ ಎಲ್ಲ ಹಿಂಗೆ..." ಎನ್ನುತ್ತಿದ್ದರು. ಪುಟ್ಟಿ ಮೊದಲ ಬಾರಿ ತಲೆ ಎತ್ತಿ ನೋಡಿದಳು. ದೊಡ್ಡವರು ಕ್ಷಮೆ ಕೇಳುವುದನ್ನು ಅವಳು ಹೆಚ್ಚು ನೋಡಿರಲಿಕ್ಕಿಲ್ಲ.

ಅಂದು ಹೊಸ ಕರಾರು ಆಯಿತು. ನಡುವೆ ಅಮ್ಮ ಫೋನು ಮಾಡಬಹುದು, ಜೀವದ ಭಯವಿದ್ದರೆ ಮಾತ್ರ. ಪ್ರತಿ ವಾರ ಕೊನೆಯ ಹತ್ತು ನಿಮಿಷ ಅಮ್ಮ ಒಳಗೆ ಬರುತ್ತಾರೆ. ಅದಕ್ಕೂ ಮೊದಲು ನಾನು ಪುಟ್ಟಿಯನ್ನು ಕೇಳುತ್ತೇನೆ: "ಇವತ್ತು ಅಮ್ಮನಿಗೆ ಏನು ಹೇಳೋಣ?" ಅವಳು ಆರಿಸುತ್ತಾಳೆ. ಏನೂ ಬೇಡ ಎಂದರೆ ಏನೂ ಇಲ್ಲ, ಆಗ ಹತ್ತು ನಿಮಿಷ ಗಾರ್ಮೆಂಟ್ಸಿನ ಸುದ್ದಿ. ಗಂಟೆಗೆ ಎಷ್ಟು ಕಾಲರ್ ಹೊಲಿಯಬೇಕು, ಸೂಪರ್‌ವೈಸರ್ ಹೇಗೆ ಕೂಗುತ್ತಾನೆ ಎಂದು ಅಮ್ಮ ಹೇಳಿದ್ದನ್ನು ಮಗಳು ಬಾಯಿ ಬಿಟ್ಟುಕೊಂಡು ಕೇಳಿದ ದಿನ ನನಗೆ ನೆನಪಿದೆ. ಅಮ್ಮನ ಕೆಲಸದ ಬಗ್ಗೆ ಅವಳಿಗೆ ಅಷ್ಟೇನೂ ತಿಳಿದಿರಲಿಲ್ಲ.

ಆಟೋ ಮತ್ತು ಬಸ್ಸು

ಇಲ್ಲಿ ನಾನು ಮೊದಲು ಬರೆದದ್ದು, ಅಪ್ಪ ದಿನಾ ಅವಳನ್ನು ಬಲವಂತವಾಗಿ ಆಟೋದಲ್ಲಿ ಕೂರಿಸಿಕೊಂಡು ಕಾಲೇಜಿಗೆ ಬಿಡುತ್ತಿದ್ದರು ಎಂದು. ಪುಟ್ಟಿ ತಿದ್ದಿದ್ದು ಈ ಸಾಲನ್ನು: "ಅಪ್ಪ ಬಲವಂತ ಮಾಡಲಿಲ್ಲ. ನಾನು ಬೇಡ ಅನ್ನಲಿಲ್ಲ."

ಬೆಳಿಗ್ಗೆ ಏಳರಿಂದ ಒಂಬತ್ತು ಆಟೋದವರಿಗೆ ಚಿನ್ನದ ಹೊತ್ತು. ಮೆಜೆಸ್ಟಿಕ್‌ನಲ್ಲಿ ರೈಲು, ಬಸ್ಸು ಇಳಿದವರ ಬಾಡಿಗೆ ಸಾಲು ಸಾಲು. ಆ ಹೊತ್ತಿನಲ್ಲಿ ಅಪ್ಪ ಮಗಳನ್ನು ಕಾಲೇಜಿಗೆ ಬಿಟ್ಟು, ಒಳಗೆ ಹೋಗುವವರೆಗೆ ಕಾದು ಬರುತ್ತಿದ್ದರು. ಪ್ರೀತಿಗೆ ಮಾಡಿದ್ದು, ಅದರಲ್ಲಿ ಸಂಶಯವಿಲ್ಲ. ಹುಡುಗಿ ಹಿಂದಿನ ಸೀಟಿನಲ್ಲಿ ಕೂತು ಲೆಕ್ಕ ಹಾಕುತ್ತಿದ್ದಳು: ಇವತ್ತು ಇನ್ನೂರೈವತ್ತು ಹೋಯಿತು, ಇವತ್ತು ಮುನ್ನೂರು. ನೋವು ಹೆಚ್ಚಾಗುತ್ತಿದ್ದದ್ದು ಆಟೋದಲ್ಲಿ. ಇದನ್ನು ಕೇಳಿದಾಗ ಅಪ್ಪನಿಗೆ ನಂಬಲಾಗಲಿಲ್ಲ. "ನಾನು ಯಾವತ್ತಾದ್ರೂ ದುಡ್ಡಿನ ಮಾತಾಡಿದೀನಾ ಪುಟ್ಟಿ?" ಅವಳು ಹೇಳಿದ ಉತ್ತರವನ್ನು ಇಲ್ಲಿ ಹಾಕಲು ಒಪ್ಪಿದ್ದಾಳೆ: "ಬಸ್ಸು ಫ್ರೀ ಅಪ್ಪ. ನಿನ್ನ ಆಟೋ ಫ್ರೀ ಅಲ್ಲ."

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲ. ಆ ಯೋಜನೆಯನ್ನು ಚಿಕಿತ್ಸೆಯ ಭಾಗವಾಗಿ ಬಳಸಿದ ಮೊದಲ ಸೈಕಾಲಜಿಸ್ಟ್ ನಾನಿರಲಿಕ್ಕಿಲ್ಲ. ಜನವರಿಯಿಂದ ಬಸ್ಸು ಎಂದು ತೀರ್ಮಾ‌ನವಾಯಿತು, ಬೀದಿಯ ಇನ್ನೊಬ್ಬ ಹುಡುಗಿಯ ಜೊತೆ.

ಮರಳಿ ಹೋಗುವುದನ್ನು ತುಂಡು ತುಂಡು ಮಾಡಿದೆವು. ಮೊದಲ ಮೂರು ದಿನ ಯೂನಿಫಾರ್ಮ್ ಹಾಕಿಕೊಂಡು ಕಾಲೇಜಿನ ಗೇಟಿನವರೆಗೆ, ಅಲ್ಲಿಂದ ವಾಪಸ್ಸು. ಆಮೇಲೆ ಲೈಬ್ರರಿಯಲ್ಲಿ ಒಂದು ಗಂಟೆ. ಆಮೇಲೆ ಒಂದೇ ಪೀರಿಯಡ್, ಅವಳು ಆರಿಸಿದ ಜೀವಶಾಸ್ತ್ರ. ಆಮೇಲೆ ಮಧ್ಯಾಹ್ನದವರೆಗೆ. ಹೊಟ್ಟೆನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಪುಟ್ಟ ಡೈರಿಯಲ್ಲಿ ಬರೆಯಬೇಕು. ಬಸ್‌ಸ್ಟಾಪಿನಲ್ಲಿ 7, ಗೇಟಿನಲ್ಲಿ 9, ಪೀರಿಯಡ್ ಶುರುವಾದ ಇಪ್ಪತ್ತು ನಿಮಿಷಕ್ಕೆ 5, ಮುಗಿಯುವಾಗ 3. ಓಡಿಹೋಗದೆ ಕೂತರೂ ನೋವು ಇಳಿಯುತ್ತದೆ ಎಂದು ಹೊಟ್ಟೆಗೇ ಗೊತ್ತಾಗಬೇಕು. ನಾನು ಹೇಳಿದರೆ ಅದು ಕೇಳುವುದಿಲ್ಲ.

ಮನೆಯವರಿಗೂ ಕೆಲಸವಿತ್ತು. ಬೆಳಿಗ್ಗೆ "ಹೊಟ್ಟೆ ಹೇಗಿದೆ?" ಎಂದು ಯಾರೂ ಕೇಳಬಾರದು. ಅಮ್ಮನಿಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. ಕೇಳದಿದ್ದರೆ ಕಲ್ಲು ಮನಸ್ಸಿನವಳು ಅನಿಸುತ್ತದೆ ಎಂದು ಅತ್ತರು. ಬದಲಿಗೆ ಏನು ಕೇಳಲಿ ಎಂದರೆ, "ಡಬ್ಬಿಗೆ ಚಿತ್ರಾನ್ನವೋ ಉಪ್ಪಿಟ್ಟೋ" ಎಂದು ಕೇಳಿ ಎಂದೆ.

ಕಾಲೇಜಿನ ವಿಷಯ ಬೇಗ ಮುಗಿಸುತ್ತೇನೆ, ಹೆಚ್ಚು ಹೇಳಲು ಇಲ್ಲ. ಪ್ರಾಂಶುಪಾಲರು ಶೇ 75 ಹಾಜರಿಯ ನಿಯಮ ಓದಿ ಹೇಳಿದರು. ವೈದ್ಯಕೀಯ ಪ್ರಮಾಣಪತ್ರ ಕೊಟ್ಟ ಮೇಲೆ ಕಳೆದ ದಿನಗಳಿಗೆ ಏನೋ ಹೊಂದಿಸಿದರು. ಕೋಚಿಂಗ್ ಬ್ಯಾಚಿನಿಂದ ಸಾಮಾನ್ಯ ಸೆಕ್ಷನ್‌ಗೆ ಬದಲಾಯಿಸಿದರು, ಕಟ್ಟಿದ ಕೋಚಿಂಗ್ ಫೀಸು ವಾಪಸ್ಸು ಬರಲಿಲ್ಲ. ರ‍್ಯಾಂಕ್ ಪಟ್ಟಿ ಗೋಡೆಯಲ್ಲೇ ಉಳಿಯಿತು. ಜೀವಶಾಸ್ತ್ರದ ಲೆಕ್ಚರರ್ ಒಬ್ಬರು ಮಾತ್ರ ತಾವೂ ಕನ್ನಡ ಮಾಧ್ಯಮದವರು ಎಂದು ಹೇಳಿ, ಪಾಠ ಶುರುವಾಗುವ ಮೊದಲು ಆ ದಿನದ ಪದಗಳನ್ನು ಎರಡೂ ಭಾಷೆಯಲ್ಲಿ ಬೋರ್ಡಿನ ಮೂಲೆಯಲ್ಲಿ ಬರೆಯತೊಡಗಿದರು. ಅದನ್ನು ಬರೆದುಕೊಳ್ಳುವವರು ಪುಟ್ಟಿಯೊಬ್ಬಳೇ ಅಲ್ಲ, ಹನ್ನೊಂದು ಜನ ಎಂದು ಅವಳು ಎಣಿಸಿ ಬಂದು ಹೇಳಿದಳು.

ಡಾಕ್ಟರ್ ಆಗುವ ಮಾತು ಬಿಡುವುದು ಅಪ್ಪನಿಗಿಂತ ಬೀದಿಗೆ ಕಷ್ಟವಾಯಿತು. ಫ್ಲೆಕ್ಸು ಬಿಸಿಲಿಗೆ ಬೆಳ್ಳಗಾಗಿ ಇನ್ನೂ ಕಂಬದಲ್ಲೇ ಇತ್ತು. ಫೆಬ್ರವರಿಯ ಒಂದು ರಾತ್ರಿ ಅಪ್ಪ ಏಣಿ ಹಾಕಿ ಇಳಿಸಿ, ಮಡಚಿ, ಮಳೆಗಾಲಕ್ಕೆ ಆಟೋದ ಪಕ್ಕಕ್ಕೆ ಕಟ್ಟಲು ಆಗುತ್ತದೆ ಎಂದು ಎತ್ತಿಟ್ಟರಂತೆ.

ಮಾರ್ಚಿನಲ್ಲಿ ಪ್ರಥಮ ಪಿಯುಸಿ ಪಾಸಾದಳು, ದೊಡ್ಡ ಅಂಕವೇನಲ್ಲ. ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಆಗ 6 ಇತ್ತು, ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಜೂನ್‌ನಲ್ಲಿ ದ್ವಿತೀಯ ಪಿಯುಸಿ ಶುರುವಾದಾಗ ನೋವು ಮತ್ತೆ ಬಂತು. ಮೂರು ದಿನ. ಮೊದಲ ದಿನ ಮನೆಯಲ್ಲೇ ಉಳಿದಳು. ಎರಡನೇ ದಿನ ಗೇಟಿನವರೆಗೆ. ಮೂರನೇ ದಿನ ಎರಡು ಪೀರಿಯಡ್. ನನಗೆ ಯಾರೂ ಫೋನು ಮಾಡಲಿಲ್ಲ. ಅವರ ಪಾಡಿಗೆ ಅವರೇ ಮಾಡಿಕೊಂಡಿದ್ದರು, ನನಗೆ ಗೊತ್ತಾದದ್ದು ಎರಡು ವಾರದ ನಂತರ. ಮಾತ್ರೆಯನ್ನು ಡಾಕ್ಟರ್ ಮುಂದಿನ ಚಳಿಗಾಲದಲ್ಲಿ ನಿಧಾನವಾಗಿ ಇಳಿಸಿ ನಿಲ್ಲಿಸಿದರು. ಕೊನೆಯ ಖಾಲಿ ಶೀಟು ಈಗಲೂ ಅಜ್ಜಿಯ ಚೀಲದಲ್ಲಿದೆಯಂತೆ, ಯಾಕೆಂದು ಅವರು ಹೇಳುವುದಿಲ್ಲ.

ಕೊನೆಯ ಭೇಟಿಯಲ್ಲಿ ಎಂದಿನಂತೆ ಕೇಳಿದೆ: "ಇವತ್ತು ಅಮ್ಮನಿಗೆ ಏನು ಹೇಳೋಣ?"

"ನೀವೇನೂ ಹೇಳ್ಬೇಡಿ ಮಿಸ್. ನಾನು ಹೇಳ್ಕೋತೀನಿ."

ಅಮ್ಮ ಒಳಗೆ ಬಂದರು. ಒಂದು ಕೈಯಲ್ಲಿ ಊಟದ ಬ್ಯಾಗು, ಇನ್ನೊಂದರಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು. ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. "ಬಸ್ಸು ರಶ್ ಆಗುತ್ತೆ, ಹೊರಡೋಣ್ವಾ?" ಎಂದರು.

ಅವಳು ಈಗ ಏನು ಓದುತ್ತಿದ್ದಾಳೆ ಎಂದು ನಾನು ಇಲ್ಲಿ ಬರೆದಿದ್ದೆ. ಹೊಡೆದು ಹಾಕಿದ ಎರಡು ಸಾಲುಗಳಲ್ಲಿ ಅದೂ ಒಂದು.